ಮೊದಲು ಯಾರ ಪಾಲಿನಿಂದ ಮುರಿದುಕೊಳ್ಳೋದು?

ಈ ಸೋಮವಾರದ ವಿಡಿಯೋ ಕಾಲ್ ಇನ್ನೂ ತಲೆಯಿಂದ ಇಳಿದಿಲ್ಲ. ನಾವು ಮಾಡುತ್ತಿರೋ ವಿಡಿಯೋ ಗೇಮ್‌ಗೆ ದುಡ್ಡು ಹಾಕಿ ಮಾರುಕಟ್ಟೆಗೆ ತರೋಕೆ ಮುಂದೆ ಬಂದಿರೋ ಪಬ್ಲಿಷರ್ ಕಡೆಯ ಹುಡುಗ ಅವನು. ಹಾಕಿದ ದುಡ್ಡನ್ನು ನಮ್ಮ ಪಾಲಿನ ಬದಲು ಒಟ್ಟು ಗಳಿಕೆಯಿಂದ ಮುರಿದುಕೊಳ್ಳಬಹುದಾ ಅನ್ನೋ ನಮ್ಮ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಮುಗಿಸಿದ: "ಅದು ಇಂಡಸ್ಟ್ರಿ ಸ್ಟ್ಯಾಂಡರ್ಡ್." ಗೆಳೆಯ ತಲೆ ಆಡಿಸಿದ. ನಾನೂ ಆಡಿಸುವುದರಲ್ಲಿದ್ದೆ. ಅಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿಯಿಂದ ದೊಡ್ಡಪ್ಪ "ಯಾರ ಸ್ಟ್ಯಾಂಡರ್ಡ್?" ಅಂದರು. ಇಂಗ್ಲಿಷ್‌ನಲ್ಲೇ ಅಂದರು. ಮೈಕ್ ಆನ್ ಇತ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗ ನಕ್ಕು, "ಒಳ್ಳೆ ಪ್ರಶ್ನೆ, ಲೀಗಲ್ ಟೀಮ್ ಹತ್ತಿರ ಕೇಳಿ ಹೇಳ್ತೀನಿ" ಅಂದ. ಕಾಲ್ ಮುಗಿಯಿತು. ಗೆಳೆಯ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ನಿಮ್ಮ ದೊಡ್ಡಪ್ಪನನ್ನು ಯಾಕೋ ಕೂರಿಸಿದೆ" ಅಂತ ಬೈದ. ನಾನು ಕೂರಿಸಿರಲಿಲ್ಲ. ನಮ್ಮ ಮನೆ ಹಾಲ್ ಇರೋದೇ ಅಷ್ಟು.

ದೊಡ್ಡಪ್ಪ ತೀರ್ಥಹಳ್ಳಿ ಕಡೆಯವರು, ಬೆಂಗಳೂರಿಗೆ ಬಂದಿದ್ದು ಕಣ್ಣು ತೋರಿಸೋಕೆ. ಹಳೇ ಕಾಲದ ಬಿಕಾಂ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಜೀವಮಾನವಿಡೀ ಲೆಕ್ಕ ಬರೆದವರು. ವಿಡಿಯೋ ಗೇಮ್ ಅಂದರೆ ಮೊಮ್ಮಗ ಊಟ ಬಿಡುವುದಕ್ಕೆ ಕಾರಣ ಅಂತಷ್ಟೇ ಅವರಿಗೆ ಗೊತ್ತು. ಭಾನುವಾರ ಮಧ್ಯಾಹ್ನ ಟೀಪಾಯಿ ಮೇಲೆ ನಮ್ಮ ಕರಾರಿನ ಪ್ರಿಂಟ್ ಬಿದ್ದಿತ್ತು. ಪೇಪರ್ ಓದಿ ಮುಗಿದಿತ್ತು. ಸುಮ್ನೆ ಕೂರೋ ಮನುಷ್ಯ ಅವರಲ್ಲ. ಕೈಗೆತ್ತಿಕೊಂಡರು.

ನಮ್ಮದು ಇಬ್ಬರ ತಂಡ. ಗೆಳೆಯ ಕೋಡ್, ನಾನು ಚಿತ್ರ ಮತ್ತು ಕಥೆ. ಮಳೆಗಾಲದ ಒಂದು ಊರಿನಲ್ಲಿ ಅಂಚೆ ಹಂಚುವ ಹುಡುಗಿಯ ಆಟ. ವರ್ಟಿಕಲ್ ಸ್ಲೈಸ್ ಸಿದ್ಧವಾಗಿದೆ. ಅಂದರೆ ಪೂರ್ತಿ ಆಟದಲ್ಲಿ ಹದಿನೈದು ನಿಮಿಷದಷ್ಟನ್ನು ಮಾತ್ರ, ಬಣ್ಣ, ಸದ್ದು, ಮೆನು ಎಲ್ಲ ಸೇರಿಸಿ, ಅಂಗಡಿಯಲ್ಲಿ ಮಾರೋ ಗುಣಮಟ್ಟಕ್ಕೆ ತಂದು ತೋರಿಸುವುದು. ಇದನ್ನು ನೋಡದೆ ಯಾವ ಪಬ್ಲಿಷರೂ ದುಡ್ಡಿನ ಮಾತಾಡೋಲ್ಲ. ಮಾಡೋಕೆ ತಗಲುವ ತಿಂಗಳುಗಳ ಬಾಡಿಗೆಯನ್ನು ಮಾತ್ರ ಯಾರೂ ಕೊಡೋಲ್ಲ. ನಮ್ಮಲ್ಲಿ ಬೇರೆ ದಾರಿಯೂ ಕಡಿಮೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 'ರಾಜಿ' ಆಟಕ್ಕಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೇಳಿದರು, ಗುರಿ ಮುಟ್ಟಲಿಲ್ಲ. ಕೊನೆಗೆ ಪಬ್ಲಿಷರ್ ಸಿಕ್ಕಿ ಆಟ ಹೊರಬಂದಿದ್ದು 2020ರಲ್ಲಿ. ಅದಕ್ಕೇ ನಮ್ಮಂಥವರಿಗೆ ಪಬ್ಲಿಷರ್ ಮೇಲ್ ಬಂದ ದಿನ ಹಬ್ಬ.

ನಾನೂ ಗೆಳೆಯನೂ ಪಬ್ಲಿಷರ್ ಜೊತೆ ಜಗ್ಗಾಡುತ್ತಿದ್ದದ್ದು ಗಳಿಕೆಯಲ್ಲಿ ನಮ್ಮ ಶೇರ್ ಬಗ್ಗೆ. ಅವರು 50-50 ಅಂದಿದ್ದರು, ನಮಗೆ 60 ಬೇಕಿತ್ತು. ದೊಡ್ಡಪ್ಪ ಆ ಪುಟದ ಮೇಲೆ ಕಣ್ಣಾಡಿಸಿ ಮುಂದೆ ಹೋದರು. ಇನ್ನೆಲ್ಲೋ ಒಂದು ಪುಟದಲ್ಲಿ ನಿಂತರು. ಭೂತಗನ್ನಡಿ ಇಟ್ಟುಕೊಂಡು ಅದೇ ಸಾಲನ್ನು ಮತ್ತೆ ಮತ್ತೆ ಓದಿದರು.

"ಇದು ಎಂತ ಮಾರಾಯ, ರಿಕೂಪ್?"

"ಅಡ್ವಾನ್ಸ್ ಕೊಡ್ತಾರಲ್ಲ, ಆಟ ಮಾರಾಟ ಆದ ಮೇಲೆ ಅದನ್ನು ವಾಪಸ್ ತಗೋತಾರೆ ದೊಡ್ಡಪ್ಪ. ಆಮೇಲೆ ನಮಗೆ ಪಾಲು."

"ಅದು ಗೊತ್ತಾಯ್ತು. ಮುರ್ಕೊಳ್ಳೋದು ಒಟ್ಟು ದುಡ್ಡಿಂದಲೋ, ನಿಮ್ಮ ಪಾಲಿಂದಲೋ?"

ನಾನು ಪುಟ ತಿರುಗಿಸಿ ನೋಡಿದೆ. 'ಡೆವಲಪರ್ ಪಾಲಿನಿಂದ' ಅಂತಿತ್ತು. ದೊಡ್ಡಪ್ಪ ಪ್ರಿಂಟ್ ಹಿಂದೆ ತಿರುವಿ ಪೆನ್ನು ಕೇಳಿದರು.

ಕರಾರು ಯೂರೋದಲ್ಲಿದೆ. ಗುಟ್ಟು ಕಾಯುವ ಷರತ್ತೂ ಇದೆ. ಹಾಗಾಗಿ ಅಂಕಿ ಬದಲಿಸಿ ರೂಪಾಯಿಯಲ್ಲಿ ಹೇಳುತ್ತೇನೆ, ಲೆಕ್ಕದ ದಾರಿ ಅದೇ. ಅಡ್ವಾನ್ಸ್ 40 ಲಕ್ಷ ಅಂದುಕೊಳ್ಳಿ. ಟ್ರೇಲರ್, ಜಾಹೀರಾತು, ಬೇರೆ ಭಾಷೆಗೆ ತರೋ ಲೋಕಲೈಸೇಷನ್, ತಪ್ಪು ಹುಡುಕೋ ಕ್ಯೂಎ ಅಂತ ಪಬ್ಲಿಷರ್ ಖರ್ಚು 20 ಲಕ್ಷ. ಒಟ್ಟು 60 ಲಕ್ಷ ಅವರಿಗೆ ವಾಪಸ್ ಆಗಬೇಕು. ಅಂಗಡಿಯ ಕಮಿಷನ್ ಕಳೆದು ಆಟದಿಂದ ಕೈಗೆ ಬಂದ ನೆಟ್ ದುಡ್ಡು 1.2 ಕೋಟಿ ಅಂತಿಟ್ಟುಕೊಳ್ಳಿ.

ಒಟ್ಟು ದುಡ್ಡಿನಿಂದ ಮುರಿದುಕೊಂಡರೆ ಮೊದಲು 60 ಲಕ್ಷ ಅವರಿಗೆ. ಉಳಿದ 60ರಲ್ಲಿ ಅರ್ಧ ಅರ್ಧ. ನಮಗೆ 30 ಲಕ್ಷ.

ನಮ್ಮ ಪಾಲಿನಿಂದ ಮುರಿದುಕೊಂಡರೆ 1.2 ಕೋಟಿ ಮೊದಲೇ ಅರ್ಧ ಆಗುತ್ತೆ. ಅವರ 60 ಲಕ್ಷ ಅವರ ಲಾಭ. ನಮ್ಮ 60 ಲಕ್ಷ ಸಾಲಕ್ಕೆ ಜಮಾ. ನಮಗೆ ಸೊನ್ನೆ.

"ಎರಡೂ ಕಡೆ ಐವತ್ತೈವತ್ತೇ" ಅಂದರು ದೊಡ್ಡಪ್ಪ. ಆಮೇಲೆ ಕೆಳಗೆ ಇನ್ನೊಂದು ಸಾಲು ಬರೆದರು. ನನಗೆ ನಿದ್ದೆ ಬಾರದ ಹಾಗೆ ಮಾಡಿದ ಸಾಲು ಅದು. 60 ಲಕ್ಷ ಬಂದ ದಿನವೇ ಪಬ್ಲಿಷರ್ ಹಾಕಿದ್ದ ಕಾಸೆಲ್ಲ ಅವರ ಕೈಸೇರಿರುತ್ತೆ: ಅವರ ಪಾಲಿನ 30, ನಮ್ಮ ಪಾಲಿನಿಂದ ಹಿಡಿದ 30. ಆದರೆ ಪುಸ್ತಕದಲ್ಲಿ ನಮ್ಮ ಹೆಸರಿಗೆ ಇನ್ನೂ 30 ಲಕ್ಷ ಬಾಕಿ ಇರುತ್ತೆ. ಇನ್ನು ನಾವು ಹೊಡೆದಾಡುತ್ತಿದ್ದ 60 ಪರ್ಸೆಂಟ್ ಸಿಕ್ಕಿದ್ದರೆ? ನಮ್ಮ ಪಾಲು 72 ಲಕ್ಷ, ಅದರಲ್ಲಿ 60 ಮುರಿದರೆ 12 ಉಳಿಯುತ್ತೆ. ಒಟ್ಟು ದುಡ್ಡಿನಿಂದ ಮುರಿದುಕೊಳ್ಳೋ ಕರಾರಿನಲ್ಲಿ 50 ಪರ್ಸೆಂಟ್‌ಗೇ 30 ಬರುತ್ತಿತ್ತು.

ಆ 1.2 ಕೋಟಿಯೂ ಸುಲಭದ್ದಲ್ಲ. ಆಟದ ಬೆಲೆ 600 ರೂಪಾಯಿ ಇಟ್ಟರೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ 30 ಪರ್ಸೆಂಟ್ ಹಿಡಿಯುತ್ತೆ. ಆಟದ ಗಳಿಕೆ ಒಂದು ಕೋಟಿ ಡಾಲರ್ ದಾಟಿದರೆ ಅದರ ಮೇಲಿನದ್ದಕ್ಕೆ 25, ಐದು ಕೋಟಿ ಮೇಲಿನದ್ದಕ್ಕೆ 20 ಅಂತ 2018ರಲ್ಲಿ ರಿಯಾಯಿತಿ ತಂದರು. ಉಳ್ಳವರಿಗೇ ರಿಯಾಯಿತಿ. ಪಬ್ಲಿಷರ್‌ಗೂ ನಮಗೂ ಸೇರಿ ಸಿಗೋದು ಪ್ರತಿಗೆ 420. ಅಂದರೆ ಸುಮಾರು 28,500 ಪ್ರತಿ ಪೂರ್ತಿ ಬೆಲೆಗೆ ಮಾರಬೇಕು. ಸೇಲ್, ತೆರಿಗೆ ಎಲ್ಲ ಬೇರೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಮಾಡಬಹುದು. ಚಿಕ್ಕ ಆಟ ಮಾಡುವವರಿಗೆ ಈ ಎರಡು ಗಂಟೆ ಎದೆಯಲ್ಲಿ ಕೂತಿರುತ್ತೆ. 2024ರಲ್ಲಿ ಆ ಅಂಗಡಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಜಾಸ್ತಿ.

ಇದೆಲ್ಲ ದೊಡ್ಡಪ್ಪನಿಗೆ ಹೇಗೆ ತಕ್ಷಣ ಹೊಳೆಯಿತು ಅಂದರೆ, ಅವರು ಇನ್ನೊಂದು ಬದಿಯಲ್ಲಿ ಕೂತು ಇದನ್ನೇ ಬರೆದವರು. ಮಳೆಗಾಲದಲ್ಲಿ ಬೆಳೆಗಾರ ಮಂಡಿಗೆ ಬಂದು ಮಗಳ ಮದುವೆಗೋ ಔಷಧಿ ಹೊಡೆಸೋಕೋ ದುಡ್ಡು ಎತ್ತುತ್ತಾನೆ. ಕೊಯ್ಲಾದ ಮೇಲೆ ಅಡಿಕೆ ಅದೇ ಮಂಡಿಗೆ ಬರಬೇಕು. ಕಮಿಷನ್, ಹಮಾಲಿ, ಬಡ್ಡಿ ಎಲ್ಲ ಮುರಿದು ಉಳಿದದ್ದು ಅವನ ಕೈಗೆ. ಕೆಲವು ವರ್ಷ ಉಳಿಯುತ್ತಲೇ ಇರಲಿಲ್ಲವಂತೆ. "ರೇಟ್ ಎಷ್ಟು ಅಂತ ಎಲ್ಲರೂ ಕೇಳ್ತಿದ್ರು. ಯಾವುದನ್ನು ಮೊದಲು ಮುರ್ಕೊಂಡ್ರಿ ಅಂತ ಕೇಳಿದವರು ಕಡಿಮೆ" ಅಂದರು. ಹೇಳುವಾಗ ಮುಖದಲ್ಲಿ ಬೇಸರವೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ನನಗೆ ಅದು ಸ್ವಲ್ಪ ಕಸಿವಿಸಿ ಆಯಿತು. ನಮ್ಮ ಮನೆಯ ಎಷ್ಟೋ ಖರ್ಚು ನಡೆದದ್ದು ಆ ಲೆಕ್ಕದ ಪುಸ್ತಕದ ಸಂಬಳದಿಂದಲೇ ಅಲ್ವಾ.

ಅವರಿಗೆ ನಾನೂ ಒಂದು ವಿಷಯ ಹೇಳಿದೆ. ಪಬ್ಲಿಷರ್ ದುಡ್ಡು ಮಂಡಿ ಸಾಲದ ಹಾಗಲ್ಲ. ಆಟ ಓಡದಿದ್ದರೆ ಯಾರೂ ಮನೆ ಬಾಗಿಲಿಗೆ ಬರೋಲ್ಲ, ಆ ನಷ್ಟ ಅವರದ್ದೇ. ಸೋಲುವ ಆಟಗಳೇ ಜಾಸ್ತಿ, ಆ ರಿಸ್ಕ್‌ಗೆ ಅವರೂ ಬೆಲೆ ಕೇಳುತ್ತಾರೆ. ದೊಡ್ಡಪ್ಪ ಒಪ್ಪಿದರು. ಒಪ್ಪಿ, ಇನ್ನೊಂದು ಪುಟ ತೆಗೆದು ಬೆರಳಿಟ್ಟರು. ಕ್ರಾಸ್ ಕೊಲ್ಯಾಟರಲೈಸೇಷನ್. ಈ ಆಟದಲ್ಲಿ ಉಳಿದ ಬಾಕಿಯನ್ನು ನಾವು ಅವರ ಜೊತೆ ಮಾಡೋ ಮುಂದಿನ ಆಟದ ದುಡ್ಡಿನಿಂದ ಹಿಡಿಯಬಹುದು. ಅದರ ಕೆಳಗೇ, ಮುಂದಿನ ಆಟವನ್ನು ಮೊದಲು ಅವರಿಗೇ ತೋರಿಸಬೇಕು ಅಂತ ಇನ್ನೊಂದು ಷರತ್ತು. "ಈಗ ಮಂಡಿ ಆಯ್ತು ನೋಡು" ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ಗೋಲ್ಡ್ ಬಗ್ಗೆಯೂ ಕೇಳಿದರು. ಕೊನೆಯ ಕಂತು ಆಟ 'ಗೋಲ್ಡ್' ಆದ ಮೇಲೆ ಅಂತಿದೆ. ಡಿಸ್ಕ್ ಕಾಲದಲ್ಲಿ ಅದಕ್ಕೆ ಗಟ್ಟಿ ಅರ್ಥ ಇತ್ತು: ಇದೇ ಕೊನೆಯ ಪ್ರತಿ, ಇದನ್ನೇ ಫ್ಯಾಕ್ಟರಿಗೆ ಅಚ್ಚಿಗೆ ಕಳಿಸಿ ಅಂತ. ಈಗ ಬಿಡುಗಡೆ ದಿನವೇ ತಪ್ಪು ತಿದ್ದೋ ಪ್ಯಾಚ್ ಬರುತ್ತೆ. ಸೈಬರ್‌ಪಂಕ್ 2077 ಅನ್ನೋ ಆಟ ಗೋಲ್ಡ್ ಆಯಿತು ಅಂತ 2020ರ ಅಕ್ಟೋಬರ್ ಮೊದಲ ವಾರದಲ್ಲಿ ಹೇಳಿದರು. ಅದೇ ತಿಂಗಳ ಕೊನೆಗೆ ಬಿಡುಗಡೆಯನ್ನು ಡಿಸೆಂಬರ್‌ಗೆ ತಳ್ಳಿದರು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾದರೆ, ನಮ್ಮ ಕೊನೆಯ ಕಂತು ಯಾವ ದಿನ ಬರುತ್ತೆ ಅಂತ ಯಾರು ನಿರ್ಧರಿಸೋದು? ಕರಾರಿನ ಪ್ರಕಾರ ಅವರು. ಮೈಲ್‌ಸ್ಟೋನ್, ಅಂದರೆ ಕಂತು ಬರೋಕೆ ಮುಗಿಸಬೇಕಾದ ಹಂತ, ಒಪ್ಪೋದು, ಬಿಡೋದು ಅವರ ಕೈಯಲ್ಲೇ. ಎಷ್ಟು ದಿನದಲ್ಲಿ ಹೇಳಬೇಕು ಅಂತ ಎಲ್ಲೂ ಇಲ್ಲ.

ಇಂಥ ಒಂದು ಸಾಲಿಗೆ ಎಷ್ಟು ಬೆಲೆ ಅನ್ನೋಕೆ ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ ಒಂದಿದೆ. 2010ರ ಫಾಲ್‌ಔಟ್: ನ್ಯೂ ವೆಗಾಸ್ ಆಟ ಮಾಡಿದ್ದು ಅಬ್ಸಿಡಿಯನ್ ಸ್ಟುಡಿಯೋ. ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ತೋರಿಸೋ ಮೆಟಾಕ್ರಿಟಿಕ್ ಸೈಟ್‌ನಲ್ಲಿ 85 ಅಂಕ ಬಂದರೆ ಮಾತ್ರ ಬೋನಸ್, ರಾಯಲ್ಟಿ ಇಲ್ಲ ಅನ್ನೋ ಕರಾರು ಅಂತ ಅಲ್ಲಿದ್ದ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿದರು. ಬಂದದ್ದು 84. ಇವತ್ತಿಗೂ ಜನ ಆ ಆಟವನ್ನು ಹೊಗಳುತ್ತಾರೆ.

ಇಷ್ಟೆಲ್ಲ ಆದ ಮೇಲೇ ಸೋಮವಾರ ನಾನು ಆ ಪ್ರಶ್ನೆ ಕೇಳಿದ್ದು. ರಿಕೂಪ್ ಒಟ್ಟು ನೆಟ್‌ನಿಂದ ಆಗಬಹುದಾ ಅಂತ. ಹುಡುಗನ ಉತ್ತರ ನಿಮಗೆ ಗೊತ್ತು. ಅವನ ಬಗ್ಗೆ ನನಗೆ ಕೋಪ ಇಲ್ಲ. ನಮ್ಮ ಸ್ಲೈಸ್ ಅನ್ನು ನಿಜವಾಗಿ ಆಡಿದ್ದಾನೆ. ಅಂಚೆ ಹುಡುಗಿಯ ಕೊಡೆ ಗಾಳಿಗೆ ಮಗುಚಿಕೊಳ್ಳೋದು ಅವನಿಗೆ ತುಂಬಾ ಇಷ್ಟವಂತೆ. ಆ ಕರಾರನ್ನು ಅವನು ಬರೆದಿಲ್ಲ, ಬಹುಶಃ ಪೂರ್ತಿ ಓದಿಯೂ ಇಲ್ಲ. 'ಇಂಡಸ್ಟ್ರಿ ಸ್ಟ್ಯಾಂಡರ್ಡ್' ಅಂತ ಅವನಿಗೂ ಯಾರೋ ಹೇಳಿರುತ್ತಾರೆ. ಅವನೂ ತಲೆ ಆಡಿಸಿರುತ್ತಾನೆ.

ನನ್ನನ್ನು ಕಾಡುತ್ತಿರುವುದು ಆ ತಲೆ ಆಡಿಸುವಿಕೆಯೇ. ಪಿಚ್ ಡೆಕ್, ರನ್‌ವೇ, ವಿಶ್‌ಲಿಸ್ಟ್ ಅಂತ ಬಡಬಡ ಮಾತಾಡುವುದು ಬಂದರೆ ನಾವೂ ಒಳಗಿನವರು ಅನಿಸುತ್ತೆ. ಒಳಗಿನವರು ಅನಿಸಿದ ಮೇಲೆ ಪೆದ್ದು ಪ್ರಶ್ನೆ ಕೇಳೋಕೆ ನಾಚಿಕೆ. ದೊಡ್ಡಪ್ಪನಿಗೆ ಆ ನಾಚಿಕೆ ಇರಲಿಲ್ಲ. ನಮ್ಮ ಮೀಟ್‌ಅಪ್‌ಗಳಲ್ಲಿ ಬೆಳಕು ಬಣ್ಣ ಮೂಡಿಸೋ ಶೇಡರ್ ಕೋಡ್ ಬಗ್ಗೆ ರಾತ್ರಿ ಹತ್ತರವರೆಗೆ ಮಾತಾಡುತ್ತೇವೆ. ಕ್ರಂಚ್ ಬಗ್ಗೆ, ಮೂರು ರಾತ್ರಿ ನಿದ್ದೆಗೆಟ್ಟು ಬಿಲ್ಡ್ ಕೊಟ್ಟದ್ದರ ಬಗ್ಗೆ, ಶೌರ್ಯದ ಹಾಗೆ ಹೇಳಿಕೊಳ್ಳುತ್ತೇವೆ. ನಿನ್ನ ಕರಾರಿನಲ್ಲಿ ಯಾರ ಪಾಲಿನಿಂದ ಮುರಿದುಕೊಳ್ಳುತ್ತಾರೆ ಅಂತ ಒಬ್ಬರನ್ನೊಬ್ಬರು ಕೇಳಿದ್ದು ನನಗಂತೂ ನೆನಪಿಲ್ಲ. ಗುಟ್ಟಿನ ಷರತ್ತು ಅಂತ ನೆಪ ಬೇರೆ. ಎಲ್ಲರ ಕರಾರೂ ಗುಟ್ಟಾಗಿದ್ದರೆ ಸ್ಟ್ಯಾಂಡರ್ಡ್ ಯಾವುದು ಅಂತ ನಮಗೆ ಗೊತ್ತಾಗೋದಾದರೂ ಹೇಗೆ? ಸ್ವೀಡನ್‌ನ ರಾ ಫ್ಯೂರಿ ಅನ್ನೋ ಪಬ್ಲಿಷರ್ 2021ರಲ್ಲಿ ತನ್ನ ಕರಾರಿನ ಮಾದರಿಯನ್ನೇ ಎಲ್ಲರೂ ನೋಡಲಿ ಅಂತ ಹಾಕಿತು. ಮಂಗಳವಾರ ರಾತ್ರಿ ಗೆಳೆಯನೂ ನಾನೂ ಅದನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆವು. ಬೈದಿದ್ದ ಗೆಳೆಯನೇ ದೊಡ್ಡಪ್ಪನಿಗೆ ಕಾಫಿ ಮಾಡಿ ಕೊಟ್ಟ. ಬಾಯಲ್ಲಿ ಕ್ಷಮೆ ಕೇಳೋ ಜಾತಿ ಅವನಲ್ಲ.

ನಿನ್ನೆ ಮೇಲ್ ಬಂತು. ಅವರ ಮಾರ್ಕೆಟಿಂಗ್ ಖರ್ಚಿಗೆ ಒಂದು ಮಿತಿ ಹಾಕೋಕೆ ಒಪ್ಪಿದ್ದಾರೆ. ಮುಂದಿನ ಆಟದಿಂದ ಬಾಕಿ ಹಿಡಿಯುವ ಷರತ್ತನ್ನು ತೆಗೆಯುತ್ತಾರಂತೆ, ಅದೂ ಇಷ್ಟು ಸುಲಭವಾಗಿ ಅಂದರೆ ಕೇಳುವವರು ಇರಲಿಲ್ಲ ಅಂತಲೇ ಅರ್ಥ. ಯಾರ ಪಾಲಿನಿಂದ ಅನ್ನೋದಕ್ಕೆ ಮಾತ್ರ 'ಚರ್ಚೆಯಲ್ಲಿದೆ' ಅಂತ ಒಂದು ಸಾಲು. ಗೆಳೆಯ ಸಹಿ ಹಾಕೋಣ ಅನ್ನುತ್ತಾನೆ, ಬ್ಯಾಂಕಿನಲ್ಲಿರೋದು ದೀಪಾವಳಿವರೆಗಿನ ಬಾಡಿಗೆ. ನಾನು ಬೇಡ ಅನ್ನುತ್ತಿದ್ದೇನೆ. ಸಾಲ ಪೂರ್ತಿ ಒಟ್ಟು ದುಡ್ಡಿನಿಂದ ಆಗದಿದ್ದರೆ ಅವರ ಖರ್ಚಿನ 20 ಲಕ್ಷವಾದರೂ ಆಗಲಿ, ನಮ್ಮ 50 ಪರ್ಸೆಂಟ್ ಬೇಕಾದರೆ 45 ಮಾಡಲಿ ಅಂತ ಇವತ್ತು ಬೆಳಿಗ್ಗೆ ಬರೆದು ಕಳಿಸಿದೆವು. ಲೆಕ್ಕ ಪತ್ರ ತೆಗೆದು ನೋಡುವ ಹಕ್ಕು ನಮಗಿರಬೇಕು ಅಂತ ದೊಡ್ಡಪ್ಪ ಒಂದು ಸಾಲು ಸೇರಿಸೋಕೆ ಹೇಳಿದರು. ಮೂರು ತಿಂಗಳಿಗೊಮ್ಮೆ, ರಸೀದಿ ಸಮೇತ.