ಚಿತ್ರ ನೋಡಿದವರು ಕಪಾಟಿನವರೆಗೂ ಹೋಗಬೇಕು

ಶಾಖಾ ಗ್ರಂಥಾಲಯಕ್ಕೆ ಸೋಮವಾರ ರಜೆ. ಚಿತ್ರ ತೂಗುಹಾಕುವ ಕೆಲಸಕ್ಕೆ ಆ ದಿನವೇ ಸರಿ. ಬೇರೆ ದಿನವಾದರೆ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಪೇಪರ್ ಓದುವ ಹಿರಿಯರು ಮೆಟ್ಟಿಲ ಮೇಲೆ ಕಾದಿರುತ್ತಾರೆ, ಅವರ ಹಿಂದೆಯೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬರುತ್ತಾರೆ. ಅವರ ಕುರ್ಚಿ ಎತ್ತಿ ಪ್ರದರ್ಶನ ಮಾಡುವುದು ಎಷ್ಟು ಮಾತ್ರಕ್ಕೂ ಸರಿಯಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಉಪಕರ ಕಟ್ಟುತ್ತಿರುವ ಊರು ಇದು. ಆ ಕುರ್ಚಿಯ ಮೇಲೆ ಮೊದಲ ಹಕ್ಕು ಓದುಗರದು. ಹಾಗಾಗಿ ದಕ್ಷಿಣ ಬೆಂಗಳೂರಿನ ಈ ಶಾಖೆಯಲ್ಲಿ ಕೆರೆಗಳ ಚಿತ್ರಗಳನ್ನು ಇಡುವಾಗ ಒಂದು ಮೇಜನ್ನೂ ಕದಲಿಸಬಾರದು ಎಂದು ಮೊದಲೇ ತೀರ್ಮಾನವಾಗಿತ್ತು. ಬಡಾವಣೆಯವರೇ ಬರೆದ ಜಲವರ್ಣ, ಪೆನ್ಸಿಲ್ ಮತ್ತು ಒಂದಿಷ್ಟು ಛಾಯಾಚಿತ್ರ, ಎಲ್ಲವೂ ಗೋಡೆಯ ಮೇಲೆಯೇ ಹಿಡಿಯಬೇಕು.

ಹಳೆಯ ಕಟ್ಟಡದ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಇಟ್ಟಿಗೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ಅಲ್ಲಿ ಯಾವ ಪ್ಲಗ್ಗೂ ನಿಲ್ಲದು. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಗಟ್ಟಿ ಜಾಗ ನೋಡಿ ಏಳು ಅಡಿ ಎತ್ತರದಲ್ಲಿ ಒಮ್ಮೆ ಸ್ಟೀಲ್ ಕರ್ಟನ್ ಪೈಪ್ ಕೂರಿಸಿ, ಮುಂದಿನ ಎಲ್ಲ ಪ್ರದರ್ಶನಕ್ಕೂ ಅದರಿಂದಲೇ ತಂತಿ ಇಳಿಬಿಡುವುದು. ಪ್ರತಿ ಚೌಕಟ್ಟಿಗೆ ಎರಡು ತಂತಿ ಬೇಕು. ಒಂದೇ ತಂತಿಯಲ್ಲಿ ತೂಗಿದ ಚಿತ್ರ ಫ್ಯಾನ್ ಗಾಳಿಗೆ ಸಂಜೆಯೊಳಗೆ ಓರೆಯಾಗಿರುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಅಗ್ಗ ಎಂದು ಹಲವರು ತರುತ್ತಾರೆ. ಅದು ನುಣುಪು, ಗಂಟು ಜಾರುತ್ತದೆ, ಭಾರಕ್ಕೆ ಹಿಗ್ಗುತ್ತದೆ. ಒಂದು ಮಿಲಿಮೀಟರ್ ಸ್ಟೀಲ್ ತಂತಿಗೆ ತುದಿಯಲ್ಲಿ ಕ್ಲಿಪ್ ಒತ್ತಿದರೆ ಆ ಚಿಂತೆ ಇಲ್ಲ.

ಎತ್ತರದ ಲೆಕ್ಕ ಸುಲಭ, ಆದರೂ ಎಲ್ಲರೂ ಎಡವುವುದು ಇಲ್ಲೇ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಬೇಕು, ನಿಂತು ನೋಡುವವರ ಕಣ್ಣಿಗೆ ಅದು ನೇರ. 24 ಇಂಚು ಎತ್ತರದ ಚೌಕಟ್ಟಾದರೆ ಅದರ ಅರ್ಧ 12 ಕೂಡಿಸಿ, ಮೇಲಂಚು 69ಕ್ಕೆ. ಹಿಂಬದಿಯ ಕೊಂಡಿ ಮೇಲಂಚಿನಿಂದ 3 ಇಂಚು ಕೆಳಗಿದ್ದರೆ ಕೊಂಡಿ 66ಕ್ಕೆ. ಪೈಪ್ 84 ಇಂಚಿನಲ್ಲಿದೆ, ಆದ್ದರಿಂದ ತಂತಿಯ ಉದ್ದ 18 ಇಂಚು. ಇದನ್ನು ಬಿಟ್ಟು ಎಲ್ಲದರ ಮೇಲಂಚನ್ನು ಒಂದೇ ಗೆರೆಗೆ ತಂದರೆ ದೊಡ್ಡ ಚಿತ್ರದ ನಡುಭಾಗ ಸೊಂಟಕ್ಕೆ ಇಳಿಯುತ್ತದೆ, ಸಣ್ಣದು ತಲೆಯ ಮೇಲೆ ಹೋಗುತ್ತದೆ. ಮಕ್ಕಳ ವಿಭಾಗದಲ್ಲಿ ಮಾತ್ರ ನಡುಭಾಗವನ್ನು 42 ಇಂಚಿಗೆ ಇಳಿಸಬೇಕು. ದೊಡ್ಡವರು ಬಗ್ಗಿ ನೋಡಲಿ.

ಚೌಕಟ್ಟಿಲ್ಲದ ಹಾಳೆಗಳಿಗೆ ಸೆಲ್ಲೋಟೇಪ್ ಅಥವಾ ಎರಡು ಬದಿಯ ಟೇಪ್ ಹಚ್ಚಬೇಡಿ. ಸೆಕೆಗೆ ಅಂಟು ಕರಗಿ ಕಾಗದದೊಳಗೆ ಇಳಿಯುತ್ತದೆ, ಬಿಡಿಸುವಾಗ ಹಾಳೆಯ ಮೇಲ್ಪದರವೇ ಕಿತ್ತು ಬರುತ್ತದೆ. ಐದು ಮಿಲಿಮೀಟರ್ ಸನ್‌ಬೋರ್ಡಿನ (ಹಗುರವಾದ ಫೋಮ್ ಹಲಗೆ) ಮೇಲೆ ಕಾಗದದ ತ್ರಿಕೋನ ಜೇಬುಗಳನ್ನು ಅಂಟಿಸಿ, ಚಿತ್ರದ ನಾಲ್ಕು ಮೂಲೆಗಳನ್ನು ಅದರೊಳಗೆ ಸೇರಿಸಿದರೆ ಸಾಕು. ಅಂಟು ತಾಗುವುದು ಜೇಬಿಗೆ ಮಾತ್ರ.

ಬೆಳಕಿನ ವಿಷಯದಲ್ಲಿ ಗ್ರಂಥಾಲಯಕ್ಕೂ ಚಿತ್ರಶಾಲೆಗೂ ಹೊಂದುವುದಿಲ್ಲ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಓದುವ ಮೇಜಿಗೆ ಸುಮಾರು 300 ಲಕ್ಸ್ ಬೇಕು, ಜಲವರ್ಣಕ್ಕೆ 50 ಲಕ್ಸ್ ದಾಟಬಾರದೆಂದು ಸಂಗ್ರಹಾಲಯದವರು ಹೇಳುತ್ತಾರೆ. ಓದುವವರ ಬೆಳಕು ಕಡಿಮೆ ಮಾಡುವಂತಿಲ್ಲ, ಹಾಗಾಗಿ ದಿನಗಳನ್ನು ಕಡಿಮೆ ಮಾಡಬೇಕು. ಎರಡು ವಾರಕ್ಕಿಂತ ಹೆಚ್ಚು ಇಡದಿರುವುದು ಲೇಸು. ಪಶ್ಚಿಮದ ಕಿಟಕಿಯ ಎದುರು ಜಲವರ್ಣ ಬೇಡವೇ ಬೇಡ, ಅಲ್ಲಿಗೆ ಛಾಯಾಚಿತ್ರದ ಹೊಸ ಪ್ರಿಂಟ್ ಹಾಕಿ. ಅದು ಮಾಸಿದರೆ ಮತ್ತೆ ತೆಗೆಸಬಹುದು.

ಚೀಟಿಗಳಲ್ಲಿ ಆಗುವ ಅನಾಹುತ ಕನ್ನಡದವರಿಗೆ ಚೆನ್ನಾಗಿ ಗೊತ್ತು. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಪ್ರಿಂಟ್ ಅಂಗಡಿಗೆ ಕೊಟ್ಟರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಹೊರಬರುತ್ತದೆ. ಯೂನಿಕೋಡಿನಲ್ಲಿ ಕೊಟ್ಟರೂ ಹಳೆಯ ಡಿಟಿಪಿ ಸಾಫ್ಟ್‌ವೇರ್ ಒತ್ತಕ್ಷರವನ್ನು ಕೆಳಗೆ ಇಳಿಸದೆ ಪಕ್ಕಕ್ಕೆ ಕೂರಿಸಿಬಿಡುತ್ತದೆ. ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಸೇರಿಸಿ, ಒಂದು ಪ್ರತಿ ತೆಗೆಸಿ ಓದಿದ ಮೇಲೆ ಉಳಿದದ್ದು. ಅಕ್ಷರ 18 ಪಾಯಿಂಟಿಗಿಂತ ಸಣ್ಣದಾದರೆ ಕನ್ನಡಕದವರು ಓದುವುದಿಲ್ಲ.

ಚೀಟಿಯಲ್ಲಿ ಚಿತ್ರದ ಹೆಸರು, ಬರೆದವರು, ವರ್ಷ, ಮಾಧ್ಯಮ ಎಲ್ಲ ಕಡೆಯೂ ಇರುತ್ತದೆ. ಗ್ರಂಥಾಲಯದ ಚೀಟಿಗೆ ಇನ್ನೊಂದು ಸಾಲು ಬೇಕೇ ಬೇಕು: ‘ಇದರ ಬಗ್ಗೆ ಓದಲು, ಕಪಾಟು 4, ಎರಡನೇ ಸಾಲು.’ ಕೆರೆಯಂಥ ವಿಷಯಕ್ಕಂತೂ ಇದು ಇಲ್ಲದೆ ಆಗದು. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ನೀರು ಸರಬರಾಜು 628ರಲ್ಲಿ, ಜಲಸಂಪನ್ಮೂಲ 333ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ, ಕೆರೆಯ ಮೇಲಿನ ಕಥೆ ಕವನ 894.814ರಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದು ಎಂದು ಚಿತ್ರದಿಂದ ತಿಳಿದವರು ಮುಂದಿನದನ್ನು ಹುಡುಕಲು ನಾಲ್ಕು ಕಪಾಟು ಸುತ್ತಬೇಕು. ಯಾರೂ ಸುತ್ತುವುದಿಲ್ಲ. ಅದಕ್ಕೇ ಆ ನಾಲ್ಕೂ ಕಡೆಯ ಪುಸ್ತಕಗಳನ್ನು ತಂದು ಕೌಂಟರ್ ಪಕ್ಕ ಒಂದು ಸಣ್ಣ ಸ್ಟ್ಯಾಂಡಿನಲ್ಲಿ, ಮುಖಪುಟ ಕಾಣುವಂತೆ ಇಟ್ಟದ್ದು. ಅವು ನೋಡಿ ಹೋಗುವುದಕ್ಕಲ್ಲ, ಮನೆಗೆ ಒಯ್ಯಲಿಕ್ಕೆ. ಖಾಲಿಯಾದ ಜಾಗಕ್ಕೆ ಬೇರೆ ಪುಸ್ತಕ ಬರುತ್ತಿರಬೇಕು.

ಓದುಗರ ಕೂಟ ಇದ್ದದ್ದು ಆ ವಾರದ ಭಾನುವಾರ ಸಂಜೆ ನಾಲ್ಕಕ್ಕೆ, ಪೇಪರ್ ಓದುವವರು ಎದ್ದುಹೋದ ಮೇಲೆ. ಇಂಥ ಕೂಟಗಳು ಮೂರನೇ ತಿಂಗಳಿಗೆ ನಿಂತುಹೋಗುವುದಕ್ಕೆ ದೊಡ್ಡ ಕಾರಣ ಪ್ರತಿಗಳ ಕೊರತೆ. ಶಾಖೆಗೆ ಒಂದು ಪುಸ್ತಕದ ಒಂದೋ ಎರಡೋ ಪ್ರತಿ ಬಂದಿರುತ್ತದೆ. ಎರವಲು ಅವಧಿ 15 ದಿನವಾದರೆ ಒಂದು ಪ್ರತಿಯನ್ನು ತಿಂಗಳಲ್ಲಿ ಇಬ್ಬರು ಓದಬಹುದು, ಕೂಟದ ಉಳಿದವರು ಏನು ಮಾಡಬೇಕು? ಎಲ್ಲರೂ ಕೊಂಡು ತನ್ನಿ ಎಂದರೆ ಸಾರ್ವಜನಿಕ ಗ್ರಂಥಾಲಯದ ಅರ್ಥವೇ ಹೋಯಿತು. ಪುಸ್ತಕದ ಬದಲು ವಿಷಯ ಆರಿಸಿ, ಒಬ್ಬೊಬ್ಬರು ಒಂದೊಂದು ಪುಸ್ತಕ ಓದಿ ಬರುವುದು ಇದಕ್ಕೆ ದಾರಿ. ಈ ಸಲದ ವಿಷಯ ನೀರು. ಕೂಟದ ಆರಂಭಕ್ಕೆ ಯಾರಾದರೂ ಎರಡು ಪುಟ ಗಟ್ಟಿಯಾಗಿ ಓದಬೇಕು. ಓದಿ ಮುಗಿಸದವರಿಗೂ, ಕನ್ನಡ ಮಾತಾಡಿದರೂ ಓದಲು ಬಾರದವರಿಗೂ ಆಗ ಮಾತಿಗೆ ಇಳಿಯಲು ಧೈರ್ಯ ಬರುತ್ತದೆ. ಹದಿನೈದಕ್ಕಿಂತ ಹೆಚ್ಚು ಜನ ಸೇರಿದರೆ ಎರಡು ಗುಂಪು ಮಾಡಿ, ಇಲ್ಲದಿದ್ದರೆ ನಾಲ್ವರೇ ಮಾತಾಡುತ್ತಾರೆ.

ಆ ದಿನ ಓದಿದ ಭಾಗದಲ್ಲಿ, ಕೆರೆಯ ನೀರನ್ನು ಹೊಲಗಳಿಗೆ ಹಂಚುವ ನೀರುಗಂಟಿ ತೂಬು ಎತ್ತುವ ಪ್ರಸಂಗವಿತ್ತು. ಕೋಲಾರದ ಕಡೆಯ ಒಬ್ಬ ಹಿರಿಯರು ಓದು ನಿಲ್ಲಿಸಿ ಎಲ್ಲರನ್ನೂ ಗೋಡೆಯ ಹತ್ತಿರ ಕರೆದರು. ಚಿತ್ರದಲ್ಲಿ ಏರಿ ಇದೆ, ತುಂಬಿ ಹರಿಯುವ ಕೋಡಿಯೂ ಇದೆ, ನೀರಿನ ನಡುವೆ ಎರಡು ಕಲ್ಲುಕಂಬ. ಬರೆದ ಹುಡುಗಿ ಅದನ್ನು ಹಳೆಯ ಮಂಟಪದ ಅವಶೇಷ ಅಂದುಕೊಂಡಿದ್ದಳು. ಅದೇ ತೂಬು ಎಂದರು ಅವರು. ಕಂಬಗಳ ನಡುವಿನ ಅಡ್ಡಗಲ್ಲಿನಲ್ಲಿ ರಂಧ್ರ, ಅದರ ಮೂಲಕ ಇಳಿದ ಗಳುವಿನ ತುದಿಯಲ್ಲಿ ಬಿರಡೆ, ಅದನ್ನು ಎತ್ತಿದಷ್ಟು ನೀರು ಏರಿಯ ಕೆಳಗಿನ ಕಾಲುವೆಯಿಂದ ಅಚ್ಚುಕಟ್ಟಿನ ಹೊಲಗದ್ದೆಗಳಿಗೆ ಹೋಗುತ್ತದೆ. ಹುಡುಗಿ ಸ್ಟ್ಯಾಂಡಿನಿಂದ ನೀರಾವರಿಯ ಪುಸ್ತಕ ತೆಗೆದು ತೂಬಿನ ನಕ್ಷೆ ಹುಡುಕಿದಳು, ಸಿಕ್ಕಿತು, ಕಾರ್ಡ್ ಕೊಟ್ಟು ಒಯ್ದಳು. ಆ ಸಂಜೆ ಎಷ್ಟು ಜನ ಬಂದರು ಎನ್ನುವುದಕ್ಕಿಂತ ಆ ಒಂದು ಎರವಲು ದೊಡ್ಡದು ಎಂದೇ ನನ್ನ ನಂಬಿಕೆ.

ಇಳಿಸುವ ದಿನವೂ ಸೋಮವಾರವೇ ಇರಲಿ. ಮಳೆಗಾಲವಾದರೆ ಪ್ರತಿ ಚೌಕಟ್ಟಿನ ಹಿಂಬದಿ ಮುಟ್ಟಿ ನೋಡಿ. ತೇವ ಹಿಡಿದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ ನೆರಳಿನಲ್ಲಿ ಒಂದು ದಿನ ಆರಿಸಿ, ಸುತ್ತಿಟ್ಟರೆ ಬೂಷ್ಟು ಬರುತ್ತದೆ. ಪಡೆದಾಗ ಬರೆದುಕೊಂಡ ಪಟ್ಟಿ ನೋಡಿ, ಸಹಿ ಪಡೆದು ಹಿಂದಿರುಗಿಸಿ. ಪುಸ್ತಕದ ಸ್ಟ್ಯಾಂಡನ್ನು ಮಾತ್ರ ಇನ್ನೂ 15 ದಿನ ಬಿಡಬೇಕು. ಮೊದಲು ಒಯ್ದವರು ಹಿಂದಿರುಗಿಸುವ ಹೊತ್ತಿಗೆ ಅದೇ ಪುಸ್ತಕಕ್ಕೆ ಮತ್ತೊಬ್ಬರು ಹೆಸರು ಬರೆಸಿರುತ್ತಾರೆ.