1898: ಕಲ್ಲಿದ್ದಲಿನ ಯುದ್ಧ

ಸ್ಪೇನ್-ಅಮೆರಿಕ ಯುದ್ಧ 1898ರ ಏಪ್ರಿಲ್ ಕೊನೆಯಲ್ಲಿ ಶುರುವಾಗಿ ಆಗಸ್ಟ್ 12ಕ್ಕೆ ನಿಂತಿತು. ನಾಲ್ಕು ತಿಂಗಳೂ ತುಂಬಲಿಲ್ಲ. ಅಮೆರಿಕದ ಫಿರಂಗಿಗಳು ಗೆದ್ದವು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಸ್ಪೇನಿನ ವಸಾಹತಾಗಿದ್ದ ಫಿಲಿಪೀನ್ಸ್‌ನ ಮನಿಲಾದಲ್ಲಿ ಆ ಫಿರಂಗಿಗಳು ಹಾರಿಸಿದ ನೂರು ಗುಂಡುಗಳಲ್ಲಿ ಮೂರೂ ಗುರಿ ಮುಟ್ಟಲಿಲ್ಲ. ಈ ಯುದ್ಧವನ್ನು ಕಲ್ಲಿದ್ದಲಿನ ಲೆಕ್ಕ ಹಿಡಿದು ನೋಡಬೇಕು.

ಆಗಿನ ಯುದ್ಧನೌಕೆಗಳು ಓಡುತ್ತಿದ್ದದ್ದು ಉಗಿಯಿಂದ. ಯುದ್ಧ ಘೋಷಣೆಯಾದ ಮೇಲೆ ತಟಸ್ಥ ದೇಶದ ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಕಲ್ಲಿದ್ದಲು ಕೊಟ್ಟರೂ ಅಷ್ಟಿಷ್ಟೇ. ಹಾಂಗ್‌ಕಾಂಗ್‌ನಲ್ಲಿದ್ದ ಅಮೆರಿಕದ ನೌಕಾಧಿಕಾರಿ ಕಮೊಡೋರ್ ಜಾರ್ಜ್ ಡ್ಯೂಯಿಗೆ ಇದು ಚೆನ್ನಾಗಿ ಗೊತ್ತಿತ್ತು. ಯುದ್ಧಕ್ಕೆ ಮುಂಚೆಯೇ ನಾನ್‌ಶಾನ್ ಎಂಬ ಹಡಗನ್ನು ಒಳಗಿದ್ದ ಕಲ್ಲಿದ್ದಲಿನ ಸಮೇತ ಕೊಂಡುಬಿಟ್ಟ. ಬ್ರಿಟಿಷರು ಬಂದರನ್ನು ಬಿಟ್ಟು ಹೋಗಿ ಎಂದಾಗ ಚೀನಾ ಕರಾವಳಿಯ ಮಿರ್ಸ್ ಕೊಲ್ಲಿಗೆ ಸರಿದ. ಮೇ 1ರ ಬೆಳಿಗ್ಗೆ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕಾದಳವನ್ನು ನಾಶ ಮಾಡಿದ.

ಸ್ಪೇನಿನ ಅಡ್ಮಿರಲ್ ಸೆರ್ವೆರಾನ ಪಾಡೇ ಬೇರೆ. ಅಟ್ಲಾಂಟಿಕ್ ದಾಟಿ ಬಂದವನಿಗೆ ಮಾರ್ಟಿನಿಕ್‌ನಲ್ಲಿ ಫ್ರೆಂಚರು ಕಲ್ಲಿದ್ದಲು ಕೊಡಲಿಲ್ಲ, ಕುರಸಾವೊದಲ್ಲಿ ಡಚ್ಚರು ಅಳೆದು ಕೊಟ್ಟರು. ಬೇರೆ ದಾರಿ ಕಾಣದೆ ಸ್ಪೇನಿನ ವಶದಲ್ಲಿದ್ದ ಕ್ಯೂಬಾದ ಸಾಂಟಿಯಾಗೊ ಬಂದರು ಹೊಕ್ಕು, ಅಲ್ಲೇ ಸಿಕ್ಕಿಬಿದ್ದ. ಜುಲೈ 3ರಂದು ಹೊರಬಂದಾಗ ಅವನ ಅತಿವೇಗದ ನೌಕೆ ಕ್ರಿಸ್ಟೊಬಲ್ ಕೊಲೊನ್ ಬೆನ್ನಟ್ಟಿದವರಿಂದ ಬಹುದೂರ ಹೋಗಿತ್ತು. ಒಳ್ಳೆಯ ಕಲ್ಲಿದ್ದಲು ಮುಗಿದು ಕಳಪೆಯದನ್ನು ಒಲೆಗೆ ಹಾಕಿದ್ದೇ ತಡ, ಉಗಿಯ ಒತ್ತಡ ಇಳಿದು ವೇಗ ಕುಸಿಯಿತು. ಅಮೆರಿಕದ ಯುದ್ಧನೌಕೆ ಓರೆಗಾನ್ ಅದನ್ನು ಹಿಡಿದೇಬಿಟ್ಟಿತು. ಕೊಲೊನ್‌ಗೆ ಅದರ 10 ಇಂಚಿನ ಮುಖ್ಯ ಫಿರಂಗಿಗಳನ್ನೂ ಜೋಡಿಸಿರಲಿಲ್ಲ! ಮನಿಲಾಕ್ಕೆ ಹೊರಟಿದ್ದ ಸ್ಪೇನಿನ ಇನ್ನೊಬ್ಬ ಅಡ್ಮಿರಲ್ ಕಮಾರಾನ ನೌಕಾಪಡೆಗೆ ಈಜಿಪ್ಟಿನಲ್ಲಿ ಬ್ರಿಟಿಷರು ಕಲ್ಲಿದ್ದಲು ಸಿಗದಂತೆ ನೋಡಿಕೊಂಡರು. ಅದು ಸೂಯೆಜ್‌ನಿಂದಲೇ ವಾಪಸ್ಸಾಯಿತು.

ಅಮೆರಿಕ ಇದನ್ನು ಸರಿಯಾಗಿ ಓದಿಕೊಂಡಿತು. ಅದೇ ಜುಲೈನಲ್ಲಿ ಹವಾಯಿಯನ್ನು ಸೇರಿಸಿಕೊಂಡಿತು. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಗುವಾಮ್, ಪೋರ್ಟೊ ರಿಕೊ ಬಂದವು. ಫಿಲಿಪೀನ್ಸ್‌ಗೆ ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟಿತು. ಹೆಸರಿಗೆ ಸ್ವತಂತ್ರವಾದ ಕ್ಯೂಬಾದಿಂದ 1903ರಲ್ಲಿ ಗ್ವಾಂಟಾನಮೊ ಕೊಲ್ಲಿಯನ್ನು ಗುತ್ತಿಗೆ ಹಿಡಿಯಿತು, ಒಪ್ಪಂದದಲ್ಲಿ ಬರೆದ ಉದ್ದೇಶವೇ ನೌಕಾಪಡೆಗೆ ಮತ್ತು ಕಲ್ಲಿದ್ದಲು ತುಂಬಲು ನೆಲೆ. ಓರೆಗಾನ್ ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣ ಅಮೆರಿಕವನ್ನು ಸುತ್ತಿ ಫ್ಲಾರಿಡಾ ತಲುಪಲು ಎರಡು ತಿಂಗಳ ಮೇಲೆ ಹಿಡಿದದ್ದು ಪನಾಮಾ ಕಾಲುವೆಯ ವಾದಕ್ಕೆ ಬಲ ಕೊಟ್ಟಿತು.

ಫಿಲಿಪಿನೋ ಜನರನ್ನು ಮಾತ್ರ ಯಾರೂ ಕೇಳಲಿಲ್ಲ. 1899ರ ಫೆಬ್ರವರಿಯಲ್ಲಿ ಅಗಿನಾಲ್ಡೊನ ನೇತೃತ್ವದಲ್ಲಿ ಅವರು ಹೊಸ ಒಡೆಯರ ವಿರುದ್ಧವೇ ಹೋರಾಟಕ್ಕಿಳಿದರು. ಆ ಯುದ್ಧ ಮುಗಿಯಿತೆಂದು ಅಮೆರಿಕ ಘೋಷಿಸಿದ್ದು 1902ರಲ್ಲಿ. ಅಷ್ಟರಲ್ಲಿ ಹಸಿವು, ಕಾಲರಾ ಮತ್ತು ಗುಂಡಿಗೆ ಬಲಿಯಾದ ಸಾಮಾನ್ಯ ಜನ ಲಕ್ಷಗಟ್ಟಲೆ.