ಸೋಮವಾರದ ಮುಂಬಯಿ

ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಇದು ನನಗೆ ಗೊತ್ತಾಗಿದ್ದು ಗೇಟ್‌ವೇ ಆಫ್ ಇಂಡಿಯಾದ ಎದುರು, ಇಸ್ತ್ರಿ ಹಾಕಿದ ಶರ್ಟ್ ತೊಟ್ಟು ಲಾಂಚಿನ ಟಿಕೆಟ್ ಕೇಳಿದಾಗ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಇತ್ತು. ಅದಾದರೂ ಸಿಗಲಿ ಅಂತ ನಡೆದೆ. ಅದಕ್ಕೂ ಆಗ ಸೋಮವಾರ ರಜೆ ಇತ್ತು. ನಾನು ಕೆಲಸ ಮಾಡುತ್ತಿದ್ದ ಹೋಟೆಲಿಗೂ ಸೋಮವಾರವೇ ರಜೆ. ಹಾಗಾಗಿ ಎರಡು ತಿಂಗಳು ಮುಂಬಯಿಯಲ್ಲಿದ್ದೂ ಇವೆರಡನ್ನೂ ನಾನು ನೋಡಲಿಲ್ಲ.

ಇದು 1996ರ ಮಾತು. ಮೊದಲ ವರ್ಷದ ಬಿಕಾಂ ಪರೀಕ್ಷೆ ಮುಗಿಸಿ ಕುಂದಾಪುರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಬಿದ್ದುಕೊಂಡಿದ್ದೆ. ಅಪ್ಪನಿಗೆ ಸಹನೆ ಕಮ್ಮಿ. "ಮನಿಯಂಗೆ ಸುಮ್ನೆ ಬಿದ್ಕಂಡ್ ಎಂತ ಮಾಡ್ತೆ? ಬೊಂಬಾಯಿಗ್ ಹೋಯ್ ಬಾ" ಅಂದರು. ಅವರ ಪರಿಚಯದವರೊಬ್ಬರದು ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ಉಡುಪಿ ಹೋಟೆಲ್. ಕೊಂಕಣ ರೈಲು ಪೂರ್ತಿ ಓಡಲು ಇನ್ನೂ ಎರಡು ವರ್ಷ ಇತ್ತು. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಇಳಿದಾಗ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ.

ಸಂಬಳ ತಿಂಗಳಿಗೆ 900 ರೂಪಾಯಿ, ಊಟ ತಿಂಡಿ ಅಲ್ಲೇ. ಮಲಗುವುದೂ ಅಲ್ಲೇ. ರಾತ್ರಿ ಶಟರ್ ಎಳೆದ ಮೇಲೆ ನಾಲ್ಕು ಟೇಬಲ್ ಜೋಡಿಸಿದರೆ ಇಬ್ಬರಿಗೆ ಹಾಸಿಗೆ. ಹಗಲು ಜನ ದೋಸೆ ತಿಂದ ಜಾಗದಲ್ಲಿ ರಾತ್ರಿ ನಮ್ಮ ಬೆನ್ನು. ಎಷ್ಟು ಒರೆಸಿದರೂ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲ. ಸೆಖೆ ತಡೆಯದವರು ಚಾಪೆ ತೆಗೆದುಕೊಂಡು ಹೊರಗೆ ಫುಟ್‌ಪಾತಿಗೆ ಹೋಗುತ್ತಿದ್ದರು. ನಾನು ಮೊದಲ ವಾರ ಮರ್ಯಾದೆಗೆ ಅಂಜಿ ಒಳಗೇ ಮಲಗಿದೆ. ಎರಡನೇ ವಾರ ತಿಗಣೆಗೆ ಅಂಜಿ ಹೊರಗೆ ಹೋದೆ.

ನನಗೆ ಕೆಲಸ ಕಲಿಸಿದವರನ್ನು ಎಲ್ಲರೂ ಅಣ್ಣಯ್ಯ ಅಂತಿದ್ದರು. ಬೈಂದೂರು ಕಡೆಯವರು. ಐವತ್ತು ದಾಟಿತ್ತು. "ನಾನ್ ಬಪ್ಪತಿಗೆ ಹನ್ನೆರಡ್ ವರ್ಷ" ಅಂತ ಹೇಳುತ್ತಿದ್ದರು. ಟೇಬಲ್ ಒರೆಸುವ ಫಡ್ಕಾ ಹಿಡಿದು ಶುರು ಮಾಡಿ, ರಾತ್ರಿ ಹೊತ್ತು ಕನ್ನಡ ರಾತ್ರಿ ಶಾಲೆಗೆ ಹೋಗಿ ಏಳನೇ ಕ್ಲಾಸ್ ಮುಗಿಸಿದ್ದರು. ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಬಿಡುವಾದರೆ ಮುಂಬಯಿಯಲ್ಲೇ ಅಚ್ಚಾಗುವ ಕನ್ನಡ ಪೇಪರನ್ನು ಜಾಹೀರಾತು ಸಮೇತ ಓದುತ್ತಿದ್ದರು.

ಸಪ್ಲೈ ಮಾಡುವುದು ಅಂದರೆ ತಂದಿಡುವುದು ಅಷ್ಟೇ ಅಂತ ನಾನು ಅಂದುಕೊಂಡಿದ್ದೆ. ಮೊದಲ ಮೂರು ದಿನ ನನಗೆ ನೀರು ಮಾತ್ರ. ಒಂದು ಕೈಯಲ್ಲಿ ನಾಲ್ಕು ಗ್ಲಾಸ್, ಬೆರಳು ನೀರೊಳಗೆ ಅದ್ದಬಾರದು. ಆಮೇಲೆ ದೋಸೆ. ಎಡಗೈ ಮುಂದೆ ಚಾಚಬೇಕು. ಮೊದಲ ಪ್ಲೇಟ್ ಹೆಬ್ಬೆರಳು ತೋರುಬೆರಳಿನ ನಡುವೆ. ಎರಡನೆಯದು ಅದರ ಕೆಳಗೆ, ಉಳಿದ ಮೂರು ಬೆರಳಿನ ಮೇಲೆ. ಮೂರನೆಯದು ಮಣಿಕಟ್ಟಿನ ಮೇಲೆ, ಎರಡನೆಯದರ ಅಂಚಿಗೆ ಒರಗಿಸಿ. ನಾಲ್ಕನೆಯದು ಮೊಣಕೈ ಮಡಿಚುವಲ್ಲಿ. ಬಲಗೈ ಖಾಲಿ ಇರಬೇಕು, ಬಾಗಿಲು ತಳ್ಳಲು, ಅಡ್ಡ ಬಂದ ಮಕ್ಕಳನ್ನು ಸರಿಸಲು. ನಾನು ಪ್ಲೇಟುಗಳನ್ನೇ ನೋಡುತ್ತಾ ಹೆಜ್ಜೆ ಇಡುತ್ತಿದ್ದೆ. "ಪ್ಲೇಟ್ ಕಾಣ್ಬೇಡ ಮಾಣಿ, ದಾರಿ ಕಾಣ್" ಅಂತ ಅಣ್ಣಯ್ಯ ಹಿಂದಿನಿಂದ ಗದರಿಸುತ್ತಿದ್ದರು. ದಾರಿ ನೋಡಿದರೆ ಪ್ಲೇಟು ತಾನಾಗಿ ನಿಲ್ಲುತ್ತಿತ್ತು. ಯಾಕೆ ಅಂತ ಈಗಲೂ ಗೊತ್ತಿಲ್ಲ. ಈಗಲೂ ಮನೆಗೆ ನೆಂಟರು ಬಂದರೆ ಮೂರು ಪ್ಲೇಟ್ ಒಂದೇ ಕೈಯಲ್ಲಿ ತಂದು ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತೇನೆ.

ಒಂದೇ ಒಂದು ಸಲ ಬೀಳಿಸಿದೆ. ಬಿದ್ದಿದ್ದು ಸಾಂಬಾರ್ ಬಟ್ಟಲು, ಬಿಳಿ ಸಫಾರಿ ತೊಟ್ಟವರ ತೊಡೆಯ ಮೇಲೆ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಗಲ್ಲಾದಲ್ಲಿ ಕೂತಿದ್ದ ಧಣಿಗೆ ಹೇಳಿದರು. ಧಣಿಯೂ ನನಗೇನೂ ಅನ್ನಲಿಲ್ಲ. ತಿಂಗಳ ಕೊನೆಯಲ್ಲಿ ಸಂಬಳದಿಂದ ಲಾಂಡ್ರಿಯ 40 ರೂಪಾಯಿ ಮುರಿದರು.

ಭಾಷೆಯದ್ದು ಇನ್ನೊಂದು ಕತೆ. ಹೈಸ್ಕೂಲಿನಲ್ಲಿ ಹಿಂದಿಗೆ ನನಗೆ ಒಳ್ಳೆ ಮಾರ್ಕ್ಸ್. ಆ ಹಿಂದಿ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಅವಸರದಲ್ಲಿ "ಖಾಲಿ ಮಸಾಲಾ ದೋಸಾ ಲಾವ್" ಅಂದರು. ನಾನು ಒಳಗೆ ಹೋಗಿ "ಒಂದು ಖಾಲಿ, ಒಂದು ಮಸಾಲೆ" ಅಂತ ಕೂಗಿದೆ. ನಮ್ಮಲ್ಲಿ ಖಾಲಿ ದೋಸೆ ಅಂದರೆ ಪಲ್ಯ ಇಲ್ಲದ ದೋಸೆ, ಅಲ್ವಾ? ಬೊಂಬಾಯಿ ಹಿಂದಿಯಲ್ಲಿ ಖಾಲಿ ಅಂದರೆ 'ಬರೀ', 'ಅಷ್ಟೇ'. ಅವರಿಗೆ ಬೇಕಿದ್ದದ್ದು ಮಸಾಲೆ ದೋಸೆ ಒಂದೇ. ಎದುರಿಗೆ ಎರಡು ದೋಸೆ ಬಂದಾಗ ಅವರು ನನ್ನ ಮುಖ ನೋಡಿದರು. ಒಳಗೆ ಭಟ್ರು, "ಖಾಲಿ ಅಂತ ಇಲ್ಲಿ ಯಾರೂ ಹೇಳುದಿಲ್ಲ, ಸಾದಾ ಅಂತ ಹೇಳು ಮಾರಾಯ" ಅಂತ ನಕ್ಕರು. ಆ ಖಾಲಿ ದೋಸೆ ನನ್ನ ಹೊಟ್ಟೆಗೆ ಹೋಯಿತು. ಅವತ್ತಿನಿಂದ ಭಟ್ರಿಗೆ ನಾನು 'ಖಾಲಿ'. ಊರಿಗೆ ಹೊರಡುವವರೆಗೂ ಅದೇ ಹೆಸರು.

ಕಲಿಯಬೇಕಾದ್ದು ಇನ್ನೂ ಇತ್ತು. ಯಾರಾದರೂ 'ಜೈನ್' ಅಂದರೆ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆಯೂ ಇಲ್ಲ. ಮಸಾಲೆ ದೋಸೆಯೊಳಗೆ ಬಾಳೆಕಾಯಿ ಪಲ್ಯ. ಸುತ್ತಮುತ್ತ ಗುಜರಾತಿಗಳು ಜಾಸ್ತಿ ಇದ್ದುದರಿಂದ ದಿನಕ್ಕೆ ಎಷ್ಟೋ ಸಲ 'ಜೈನ್, ಜೈನ್' ಅಂತ ಕೂಗಬೇಕಿತ್ತು. ನಮ್ಮೂರಲ್ಲಿ ಬಾಳೆಕಾಯಿಯನ್ನು ಸಾರಿಗೋ ಹುಳಿಗೋ ಹಾಕುತ್ತಾರೆ, ದೋಸೆಯೊಳಗೆ ಇಟ್ಟಿದ್ದನ್ನು ನಾನು ನೋಡಿರಲಿಲ್ಲ. ತಿಂದು ನೋಡಿದೆ. ಆಲೂಗಡ್ಡೆಗಿಂತ ಚೆನ್ನಾಗಿತ್ತು.

ಇನ್ನು ಸೋಮವಾರಗಳು.

ಮೊದಲ ಸೋಮವಾರ ಅಣ್ಣಯ್ಯ ಒಂದು ಬಿಲ್ಲಿನ ಹಿಂದೆ ದಾರಿ ಬರೆದುಕೊಟ್ಟರು. ಮಾಟುಂಗಾದಿಂದ ವಿಟಿ, ಅಲ್ಲಿಂದ ನಡೆದುಕೊಂಡು ಗೇಟ್‌ವೇ. ವಿಟಿ ಅಂದರೆ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ, ಅದಕ್ಕೆ ಅದೇ ವರ್ಷ ಛತ್ರಪತಿ ಶಿವಾಜಿ ಟರ್ಮಿನಸ್ ಅಂತ ಹೆಸರು ಬದಲಾಗಿತ್ತು. ಹಿಂದಿನ ವರ್ಷ ಊರಿನ ಹೆಸರೇ ಬಾಂಬೆ ಹೋಗಿ ಮುಂಬಯಿ ಆಗಿತ್ತು. ಬೋರ್ಡಿನಲ್ಲಿ ಏನೇ ಇದ್ದರೂ ಬಾಯಲ್ಲಿ ಎಲ್ಲರಿಗೂ ವಿಟಿಯೇ. ಊರಿಗೆ ಬರೆಯುವ ಇನ್‌ಲ್ಯಾಂಡ್ ಲೆಟರಿನ ಮೇಲೆ ನಾನು ಏನು ಬರೆಯಬೇಕು ಅಂತ ಗೊಂದಲವಾಗಿ ಎರಡನ್ನೂ ಬರೆಯುತ್ತಿದ್ದೆ.

ಹೋಗುವಾಗ ಸರಿಯಾಗಿ ಹೋದೆ. ಬರುವಾಗ ಎಲ್ಲರೂ ಓಡುತ್ತಿದ್ದ ಗಾಡಿಗೆ ನಾನೂ ಓಡಿ ಹತ್ತಿದೆ. ಅದು ಫಾಸ್ಟ್. ದಾದರ್ ಬಿಟ್ಟ ಮೇಲೆ ಇಳಿಯಲು ಬಾಗಿಲ ಹತ್ತಿರ ನುಗ್ಗಿ ನಿಂತೆ. ಮಾಟುಂಗಾ ಸ್ಟೇಷನ್, ಹೂವಿನ ಬುಟ್ಟಿ ಇಟ್ಟುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದ ಹೆಂಗಸು, ಎಲ್ಲ ಕಣ್ಣೆದುರೇ ಹಾದು ಹೋಯಿತು. ಗಾಡಿ ನಿಲ್ಲಲಿಲ್ಲ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ ಅಂತ ಬಿಲ್ಲಿನ ಹಿಂದೆ ಬರೆದಿರಲಿಲ್ಲ. ಘಾಟ್ಕೋಪರ್‌ನಲ್ಲಿ ಜನರೇ ನನ್ನನ್ನು ಹೊರಗೆ ನೂಕಿದರು. ಇನ್ನೊಂದು ಸಲ ದಾದರ್‌ನಲ್ಲಿ ಲೈನು ತಪ್ಪಿ ಹತ್ತಿ, 'ಮಾಟುಂಗಾ ರೋಡ್' ಅನ್ನುವ ಬೋರ್ಡ್ ನೋಡಿ ಖುಷಿಯಿಂದ ಇಳಿದೆ. ಅದು ವೆಸ್ಟರ್ನ್ ಲೈನು, ಆಚೆ ಬದಿ. ನಮ್ಮ ಏರಿಯಾಕ್ಕೆ ಮೂರು ಸ್ಟೇಷನ್: ಮಾಟುಂಗಾ, ಮಾಟುಂಗಾ ರೋಡ್, ಕಿಂಗ್ಸ್ ಸರ್ಕಲ್. ಮೂರೂ ಬೇರೆ ಬೇರೆ ಹಳಿಯ ಮೇಲೆ. ಇದನ್ನು ಕಲಿಯಲು ನನಗೆ ನಾಲ್ಕು ಸೋಮವಾರ ಬೇಕಾಯಿತು.

ಗುಹೆ, ಮ್ಯೂಸಿಯಂ ಎರಡೂ ಮುಚ್ಚಿದ್ದರಿಂದ ಮುಚ್ಚದೇ ಇರುವ ಜಾಗ ಹುಡುಕುವುದೇ ನನ್ನ ಕೆಲಸವಾಯಿತು. ಸಮುದ್ರಕ್ಕೆ ರಜೆ ಇಲ್ಲ. ಚರ್ಚ್‌ಗೇಟಿನಿಂದ ಮರೀನ್ ಡ್ರೈವ್ ಹಿಡಿದು ಚೌಪಾಟಿವರೆಗೆ ನಡೆದೆ. ಸಮುದ್ರ ನಮ್ಮ ಊರಿನದ್ದೇ, ಅದೇ ಅರಬ್ಬಿ. ಆದರೆ ಅಷ್ಟು ಉದ್ದದ ಕಟ್ಟೆಯ ಮೇಲೆ ಅಷ್ಟು ಜನ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದು ನಮ್ಮಲ್ಲಿ ನೋಡಿರಲಿಲ್ಲ. ಬೈಕಲಾದ ರಾಣಿ ಬಾಗ್ ಮೃಗಾಲಯಕ್ಕೆ ಬುಧವಾರ ರಜೆ. ಅಂದರೆ ನನಗೆ ತೆರೆದಿತ್ತು. ಹಾಗಾಗಿ ರಾಣಿ ಬಾಗ್‌ಗೆ ಮೂರು ಸಲ ಹೋದೆ. ಆನೆಗೆ ನನ್ನ ಗುರುತು ಸಿಕ್ಕಿರಬೇಕು. ಬಿಸಿಲು ಜಾಸ್ತಿಯಾದ ದಿನ ಎಲ್ಲಿಗೂ ಹೋಗದೆ ಫೈವ್ ಗಾರ್ಡನ್ಸ್‌ನ ಮರದ ಕೆಳಗೆ ಮಲಗಿಬಿಡುತ್ತಿದ್ದೆ. ಆ ಪಾರ್ಸಿ ಕಾಲೊನಿಯ ಮೌನಕ್ಕೆ ಬಂದ ನಿದ್ದೆ ನನಗೆ ಹೋಟೆಲಿನ ಟೇಬಲ್ ಮೇಲೆ ಒಂದು ರಾತ್ರಿಯೂ ಬಂದಿಲ್ಲ.

ಸಂಬಳ ಬಂದ ಮೇಲಿನ ರಜೆಯ ದಿನ ರಾಮ ನಾಯಕರ ಬೋರ್ಡಿಂಗ್‌ಗೆ ಊಟಕ್ಕೆ ಹೋಗಬೇಕು ಅಂತ ಆಸೆ. ಮಾಟುಂಗಾ ಸ್ಟೇಷನ್ ಹತ್ತಿರದ ಆ ಬೋರ್ಡಿಂಗ್ 1942ರಿಂದ ಇದೆ, ಬಾಳೆಎಲೆ ಊಟಕ್ಕೆ ಹೆಸರುವಾಸಿ. ಸಿಕ್ಕಿದ ಬಿಡುವಿನಲ್ಲಿ ಒಂದು ದಿನ ಹೋಗಿಯೇ ಬಿಟ್ಟೆ. ಎಲೆ ಮುಂದೆ ಕೂತೆ. ಬಡಿಸುವವರು ಬಂದ ಕೂಡಲೇ ನಾನು ಎದ್ದು ಅವರ ಕೈಯಿಂದ ಪಾತ್ರೆ ತೆಗೆದುಕೊಳ್ಳಲು ಹೋದೆ. ಬೇಕಂತ ಅಲ್ಲ, ಕೈ ತಾನೇ ಹೋಯಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂತ ಅವರು ಕನ್ನಡದಲ್ಲೇ ಹೇಳಿದರು. ಹೇಗೆ ಗೊತ್ತಾಯಿತೋ. ಊಟ ಮುಗಿಯುವವರೆಗೂ ನಾನು ತಿನ್ನುವುದಕ್ಕಿಂತ ಹೆಚ್ಚಾಗಿ ಅವರ ಮಣಿಕಟ್ಟು ನೋಡುತ್ತಿದ್ದೆ. ಸಾರು ಬಡಿಸುವಾಗ ಒಂದು ಹನಿಯೂ ಎಲೆಯ ಆಚೆ ಬೀಳಲಿಲ್ಲ.

ಮನೆಗೆ ಫೋನ್ ಮಾಡುವುದು ಕಷ್ಟ. ಎಸ್‌ಟಿಡಿ ಬೂತಿನಲ್ಲಿ ರಾತ್ರಿ 11ರ ಮೇಲೆ ರೇಟ್ ಕಮ್ಮಿ. ಆದರೆ ನಮ್ಮ ಮನೆಯಲ್ಲಿ ಫೋನಿಲ್ಲ. ಪಕ್ಕದ ಅಂಗಡಿಯವರನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಅಮ್ಮನನ್ನು ಕರೆಸುವ ಧೈರ್ಯ ಯಾರಿಗಿದೆ? ಪೂರ್ತಿ ರೇಟ್ ಕೊಟ್ಟು, ಮೀಟರ್ ನೋಡುತ್ತಾ, "ಊಟ ಆಯ್ತಾ, ಊರಂಗೆ ಮಳಿ ಬಂತಾ" ಅಷ್ಟರಲ್ಲಿ ಮುಗಿಸುತ್ತಿದ್ದೆ.

ಗಿರಾಕಿಗಳಲ್ಲಿ ನೆನಪಿರುವುದು ಒಬ್ಬರೇ. ತಮಿಳಿನವರು, ಎಪ್ಪತ್ತರ ಮೇಲೆ ವಯಸ್ಸು. ದಿನಾ ಬೆಳಿಗ್ಗೆ ಆರೂವರೆಗೆ ಮೂಲೆಯ ಟೇಬಲ್. ಮಾತಿಲ್ಲ, ಒಂದು ಬೆರಳು ಎತ್ತುತ್ತಿದ್ದರು. ಅಂದರೆ ಒಂದು ಫಿಲ್ಟರ್ ಕಾಫಿ. ಕುಡಿದು, ಸೋಂಪಿನ ಬಟ್ಟಲಿನ ಪಕ್ಕ ಎಂಟಾಣೆ ಇಟ್ಟು ಹೋಗುತ್ತಿದ್ದರು. ನನ್ನ ಕಡೆ ನೋಡಿದ್ದೇ ಇಲ್ಲ.

ಜೂನ್ ಬಂತು. ನಾನು ಹೊರಡುವ ಹಿಂದಿನ ದಿನ, ರಾತ್ರಿಯಿಂದ ಹೊಡೆದ ಮಳೆಗೆ ಕಿಂಗ್ಸ್ ಸರ್ಕಲ್ ತುಂಬಿತು. ಅಲ್ಲಿ ಮಳೆಗೆ ನೀರು ನಿಲ್ಲುವುದು ಮಾಮೂಲಿ. ಮಳೆ ಅಂದರೆ ನಮಗೇನು ಹೊಸತೇ? ಆದರೆ ನಮ್ಮೂರಲ್ಲಿ ನೀರು ಇಳಿದು ಹೊಳೆಗೆ ಹೋಗುತ್ತದೆ. ಇಲ್ಲಿ ಹೋಗಲು ಜಾಗವೇ ಇರಲಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ಅಕ್ಕಿ, ಉದ್ದಿನ ಮೂಟೆಗಳನ್ನು ಟೇಬಲ್ ಮೇಲೆ ಏರಿಸಿದೆವು. ನೀರು ಎರಡನೇ ಮೆಟ್ಟಿಲಿಗೆ ಬಂದು ನಿಂತಿತ್ತು. ಒಂದು ಚಪ್ಪಲಿ ತೇಲಿ ಬಂದು ಬಾಗಿಲಿಗೆ ಬಡಿಯುತ್ತಿತ್ತು. "ಇವತ್ ಯಾರ್ ಬತ್ರ್" ಅಂತ ಅಣ್ಣಯ್ಯ ಬೀಡಿ ಹಚ್ಚಿದರು.

ಆರೂವರೆಗೆ ಅವರು ಬಂದರು. ವೇಷ್ಟಿಯನ್ನು ಮೊಣಕಾಲಿನ ಮೇಲೆ ಕಟ್ಟಿ, ಕೊಡೆ ಹಿಡಿದು, ನೀರಲ್ಲಿ ಒಂದೊಂದೇ ಹೆಜ್ಜೆ ಊರಿ ನೋಡುತ್ತಾ. ಮೂಲೆಯ ಟೇಬಲ್ ಮೇಲೆ ಅಕ್ಕಿ ಮೂಟೆ ಇತ್ತು. ನಾನು, ಅಣ್ಣಯ್ಯ ಸೇರಿ ಅದನ್ನು ಇಳಿಸಿ ಪಕ್ಕದ ಟೇಬಲಿಗೆ ಹಾಕಿದೆವು. ಅವರು ಕೂತು ಬೆರಳು ಎತ್ತಿದರು. ಅವತ್ತು ಇದ್ದದ್ದು ಒಂದೇ ಒಲೆ. ಹಾಲು ಸರಿಯಾಗಿ ಕಾಯಲಿಲ್ಲ. ಕಾಫಿ ಇಟ್ಟೆ. ಒಂದು ಗುಟುಕು ಕುಡಿದು, ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ಠಂಡಾ ಹೈ" ಅಂದರು.

ಇನ್ನೊಂದು ತಂದುಕೊಟ್ಟೆ. ಕುಡಿದು, ಎಂಟಾಣೆ ಇಟ್ಟು, ವೇಷ್ಟಿ ಮತ್ತೆ ಎತ್ತಿ ಕಟ್ಟಿ ನೀರಿಗಿಳಿದರು. ಟೇಬಲ್ ಒರೆಸಿ, ಅಕ್ಕಿ ಮೂಟೆಯನ್ನು ಮತ್ತೆ ಅದರ ಮೇಲೆ ಎತ್ತಿಟ್ಟೆವು.